ಜೀರ್ಣೋದ್ಧಾರದ ಹಣ: ದಾನವೋ, ನ್ಯಾಸವೋ?

ನಮ್ಮ ನಾಡಿನ ಜೈನ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ಅರಸನೋ ದಂಡನಾಯಕನೋ ಸೆಟ್ಟಿಯೋ ಬಸದಿಯೊಂದಕ್ಕೆ ಭೂಮಿಯನ್ನು ದತ್ತಿಯಾಗಿ ಬಿಟ್ಟಾಗ, ಅದರ ಉತ್ಪನ್ನವು ಯಾವುದಕ್ಕೆ ಸಲ್ಲಬೇಕೆಂಬುದನ್ನೂ ಶಾಸನವು ಹೇಳುತ್ತದೆ. ದೇವರ ಅಷ್ಟವಿಧಾರ್ಚನೆಗೆ, ಋಷಿಗಳ ಆಹಾರದಾನಕ್ಕೆ, ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವುದಕ್ಕೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ಎಷ್ಟೋ ಸಂದರ್ಭಗಳಲ್ಲಿ ಈ ದತ್ತಿಯನ್ನು ಬಿಟ್ಟಿರುವುದು ಹಳೆಯ ಬಸದಿಗಲ್ಲ, ಆಗತಾನೆ ಕಟ್ಟಿ ಮುಗಿಸಿದ ಬಸದಿಗೆ. ಗಾರೆ ಇನ್ನೂ ಆರಿರದ ಹೊತ್ತಿನಲ್ಲಿಯೇ ಅದು ಮುಂದೊಂದು ದಿನ ಬಿರಿಯುವುದೆಂದು ಕಟ್ಟಿಸಿದವರು ಅರಿತಿದ್ದರು. ಆ ದಿನಕ್ಕಾಗಿ ಗದ್ದೆ ತೋಟಗಳನ್ನು ಮೀಸಲಿಟ್ಟಿದ್ದರು. ಪರ್ಯಾಯವೆಲ್ಲ ವ್ಯಯಶೀಲವೆಂದು ನಂಬಿದ ಧರ್ಮದವರಿಗೆ ಇದು ಸಹಜವಾದ ವಿವೇಕವೇ ಸರಿ. ಆದರೆ ಅದೇ ಧರ್ಮದ ಅನುಯಾಯಿಗಳಾದ ನಾವು ಈ ವಿವೇಕವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ ಎಂಬುದು ವಿಚಾರಾರ್ಹವಾದ ಸಂಗತಿ.

ಇಂದು ಬಸದಿಗಳ ದುರಸ್ತಿಗೆ ಹಣ ಬರುವ ದಾರಿಗಳು ಹಲವು. ಸಮಾಜದ ಉದಾರಿಗಳಿದ್ದಾರೆ. ಪಂಚಕಲ್ಯಾಣ, ಮಹಾಮಸ್ತಕಾಭಿಷೇಕಗಳ ಸಂದರ್ಭದ ಸವಾಲುಗಳಿಂದ ಹಣ ಕೂಡುತ್ತದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನ ಸಮುದಾಯವನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತವೆಂದು ಅಧಿಸೂಚಿಸಿದ ನಂತರ ಸರ್ಕಾರಿ ಅನುದಾನದ ಕಡೆಗೂ ನಮ್ಮ ಟ್ರಸ್ಟುಗಳ ಗಮನ ಹೆಚ್ಚಾಗಿ ಹರಿದಿದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನಂತಹ ಸಂಸ್ಥೆಗಳು ಸರ್ಕಾರದ ಹಾಗೂ ಸ್ಥಳೀಯರ ಪಾಲನ್ನು ಕೂಡಿಸಿಕೊಂಡು ಪ್ರಾಚೀನ ಗುಡಿಗಳನ್ನು ಉಳಿಸುತ್ತ ಬಂದಿವೆ. ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕಗಳ ಮಾತು ಬೇರೆ. ಅಲ್ಲಿ ಒಂದು ಕಲ್ಲನ್ನು ಕದಲಿಸಲೂ ನಮಗೆ ಅಧಿಕಾರವಿಲ್ಲ, 2010ರ ತಿದ್ದುಪಡಿಯ ಅನಂತರವಂತೂ ಸುತ್ತಲಿನ ನೂರು ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ನಾನು ಹೇಳಹೊರಟಿರುವುದು ನಮ್ಮ ನಮ್ಮ ಊರುಗಳಲ್ಲಿ, ನಮ್ಮ ಟ್ರಸ್ಟುಗಳ ಸ್ವಾಧೀನದಲ್ಲಿ, ನಾಲ್ಕೋ ಹತ್ತೋ ಮನೆಗಳ ಶ್ರಾವಕರು ಕಾಪಾಡಿಕೊಂಡು ಬಂದಿರುವ ಸಾಮಾನ್ಯ ಬಸದಿಗಳ ವಿಷಯ.

ಇಂತಹ ಬಸದಿಯ ಹೆಸರಿನಲ್ಲಿ ಅನುದಾನವೊಂದು ಮಂಜೂರಾದಾಗ, ಧರ್ಮದೃಷ್ಟಿಯಿಂದ ಆ ಹಣದ ಸ್ವರೂಪವೇನು? ನಾವದನ್ನು ವಾಡಿಕೆಯಲ್ಲಿ ದಾನವೆಂದೇ ಕರೆಯುತ್ತೇವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ದಾನಕ್ಕೆ ಕೊಟ್ಟ ಲಕ್ಷಣವಾದರೋ ಅನುಗ್ರಹದ ಸಲುವಾಗಿ ತನ್ನದನ್ನು ತ್ಯಜಿಸುವುದು ಎಂದು. ಅನುದಾನವನ್ನು ಮಂಜೂರು ಮಾಡುವ ಅಧಿಕಾರಿ ತನ್ನದನ್ನು ಕೊಡುತ್ತಿಲ್ಲ. ಅದು ತೆರಿಗೆ ತೆತ್ತ ಪ್ರಜೆಯ ಹಣ, ಆ ಪ್ರಜೆ ಬಹುಮಟ್ಟಿಗೆ ಜೈನನೂ ಅಲ್ಲ. ಪಡೆಯುವ ಧರ್ಮದರ್ಶಿಯೂ ತನಗಾಗಿ ಪಡೆಯುತ್ತಿಲ್ಲ. ಬಸದಿಯನ್ನು ಕಟ್ಟಿಸಿದವನ ಪರವಾಗಿ, ಮುಂದೆ ಅಲ್ಲಿ ಕೈಮುಗಿಯಲಿರುವ ಮೊಮ್ಮಕ್ಕಳ ಪರವಾಗಿ ಪಡೆಯುತ್ತಿದ್ದಾನೆ. ಕೊಟ್ಟವನದೂ ಅಲ್ಲದ, ಪಡೆದವನದೂ ಅಲ್ಲದ, ಒಂದು ಗೊತ್ತಾದ ಕಾರ್ಯಕ್ಕೆಂದು ಒಬ್ಬರ ಕೈಯಲ್ಲಿ ಇರಿಸಲ್ಪಟ್ಟ ದ್ರವ್ಯಕ್ಕೆ ನಮ್ಮ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ಅದು ನ್ಯಾಸ, ಅಂದರೆ ನಂಬಿ ಇಟ್ಟ ಇಡುಗಂಟು. ಖಾಸಗಿ ದಾನಿಯೊಬ್ಬರು ‘ಇದು ಮಾಡಿನ ದುರಸ್ತಿಗೆ’ ಎಂದು ಹೇಳಿ ಕೊಟ್ಟ ಹಣವೂ, ಅವರ ಪಾಲಿಗೆ ದಾನವಾದರೂ, ಟ್ರಸ್ಟಿನ ಪಾಲಿಗೆ ನ್ಯಾಸವೇ.

ಈ ಭೇದವು ಕೇವಲ ಶಬ್ದದ್ದಲ್ಲ. ಶ್ರಾವಕನ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ. ನ್ಯಾಸಾಪಹಾರವನ್ನು ಅಚೌರ್ಯದ ಅತಿಚಾರಗಳಲ್ಲಿ ಸೇರಿಸದೆ ಸತ್ಯದ ಅತಿಚಾರಗಳಲ್ಲಿ ಸೇರಿಸಿದ್ದೇಕೆಂದು ನಾನು ಬಹುಕಾಲ ಯೋಚಿಸಿದ್ದುಂಟು. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಲ್ಲಿ ಇದಕ್ಕೆ ಉತ್ತರವಿದೆ. ಚಿನ್ನವನ್ನು ಇರಿಸಿಹೋದವನು ಅದೆಷ್ಟಿತ್ತೆಂಬುದನ್ನು ಮರೆತು ಕಡಿಮೆ ಲೆಕ್ಕ ಹೇಳಿ ಕೇಳುತ್ತಾನೆ. ಇರಿಸಿಕೊಂಡವನು ‘ಹೌದು, ಅಷ್ಟೇ’ ಎನ್ನುತ್ತಾನೆ. ಆ ‘ಹೌದು’ ಎಂಬ ಮಾತೇ ನ್ಯಾಸಾಪಹಾರ. ಕೈ ಚಾಚಿ ಕದ್ದದ್ದಲ್ಲ. ಇನ್ನೊಬ್ಬನ ಮರೆವಿಗೆ ತಲೆಯಾಡಿಸಿದ್ದು. ಕೂಟಲೇಖಕ್ರಿಯೆಯ ವಿವರಣೆಯಂತೂ ಇಂದಿನ ಕಚೇರಿಯ ಕಾಗದವನ್ನು ಎದುರಿಗಿಟ್ಟುಕೊಂಡೇ ಬರೆದಂತಿದೆ: ಇನ್ನೊಬ್ಬನು ಆಡದುದನ್ನು, ಮಾಡದುದನ್ನು, ಆಡಿದನೆಂದೂ ಮಾಡಿದನೆಂದೂ ವಂಚನೆಯ ನಿಮಿತ್ತವಾಗಿ ಬರೆಯುವುದು. ಅನುದಾನದ ಹಣ ಇಂತಹ ಕಾಮಗಾರಿಗೆ ಇಂತಿಷ್ಟು ವೆಚ್ಚವಾಗಿದೆ ಎಂದು ಟ್ರಸ್ಟು ಇಲಾಖೆಗೆ ಸಲ್ಲಿಸುವ ಬಳಕೆ ಪ್ರಮಾಣಪತ್ರವನ್ನು ಈ ಲಕ್ಷಣದ ಪಕ್ಕದಲ್ಲಿ ಇಟ್ಟು ಓದಬೇಕು.

ವಾಣಿಜ್ಯ ಪದವೀಧರನೆಂಬ ಕಾರಣಕ್ಕೆ ಕೆಲವು ಟ್ರಸ್ಟುಗಳವರು ತಮ್ಮ ಲೆಕ್ಕಪತ್ರಗಳನ್ನು ನನಗೆ ತೋರಿಸುವುದುಂಟು. ಮಲೆನಾಡಿನ ಅಂಚಿನ ಒಂದು ಹಳ್ಳಿಯ ಬಸದಿಯದು ಇಂತಹದೊಂದು ಪ್ರಕರಣ. ಹೆಸರು ಬೇಡ, ಅಲ್ಲಿನವರು ಸಜ್ಜನರು. ಕಲ್ಲಿನ ಗರ್ಭಗೃಹದ ಮೇಲೆ ಚಪ್ಪಡಿಗಳ ಮಾಡು, ಅದರ ಮೇಲೆ ಹಳೆಯ ಗಚ್ಚುಗಾರೆ. ಗಾರೆ ಬಿರಿದು, ಮಳೆಗಾಲದಲ್ಲಿ ಚಪ್ಪಡಿಗಳ ಸಂದಿನಿಂದ ನೀರು ಇಳಿದು ಪಾರ್ಶ್ವನಾಥಸ್ವಾಮಿಯ ಪೀಠದವರೆಗೆ ಹರಿಯುತ್ತಿತ್ತು. ಅರ್ಚಕರು ಪಾತ್ರೆ ಇಟ್ಟು ನೀರು ಹಿಡಿಯುತ್ತಿದ್ದರು. ದುರಸ್ತಿಗೆ ಹಣವಿಲ್ಲ. ಆ ವೇಳೆಗೆ ಯಾರೋ ಹಿತೈಷಿಗಳು, ಸಮುದಾಯ ಭವನಕ್ಕಾದರೆ ಅನುದಾನ ದೊರಕೀತು ಎಂದು ತಿಳಿಸಿದರು. ಅರ್ಜಿ ಹೋಯಿತು, ಹಣವೂ ಮಂಜೂರಾಯಿತು. ಆದರೆ ಅಂದಾಜಿನ ಕಾಲುಪಾಲನ್ನು ಟ್ರಸ್ಟು ತನ್ನ ವಂತಿಗೆಯಾಗಿ ಹಾಕಬೇಕೆಂಬ ನಿಬಂಧನೆಯಿತ್ತು. ಗುತ್ತಿಗೆದಾರರು ಉಪಾಯ ಹೇಳಿದರು. ಹದಿನೈದು ಲಕ್ಷದ ಕೆಲಸಕ್ಕೆ ಇಪ್ಪತ್ತು ಲಕ್ಷದ ಅಂದಾಜುಪಟ್ಟಿ, ಇಪ್ಪತ್ತು ಲಕ್ಷದ ಬಿಲ್ಲು. ಟ್ರಸ್ಟಿನ ಐದು ಲಕ್ಷ ಕಾಗದದ ಮೇಲೆ ಬಂದು ಕಾಗದದ ಮೇಲೆಯೇ ಹೋಯಿತು. ಭವನ ಎದ್ದಿತು. ಉದ್ಘಾಟನೆಯಾಯಿತು. ಕರಿಯ ಗ್ರಾನೈಟಿನ ಫಲಕದಲ್ಲಿ ಹನ್ನೊಂದು ಹೆಸರುಗಳು ಕೆತ್ತಲ್ಪಟ್ಟವು. ಮರುವರ್ಷದ ಮಳೆಗಾಲದಲ್ಲಿಯೂ ಅರ್ಚಕರು ಪಾತ್ರೆ ಇಡುವುದು ತಪ್ಪಲಿಲ್ಲ.

ಆ ಲೆಕ್ಕವನ್ನು ನನ್ನ ಮುಂದಿಟ್ಟ ಹಿರಿಯರು ಹೇಳಿದ ಮೊದಲ ಮಾತು, ‘ಒಂದು ಪೈಸೆಯನ್ನೂ ಯಾರೂ ಮನೆಗೆ ಒಯ್ದಿಲ್ಲ, ಬೇಕಾದರೆ ಸ್ವಾಮಿಯ ಮುಂದೆ ನಿಂತು ಹೇಳುತ್ತೇವೆ’ ಎಂದು. ಅದು ನಿಜವೆಂದೇ ನನ್ನ ನಂಬಿಕೆ. ನಮ್ಮ ಟ್ರಸ್ಟುಗಳಲ್ಲಿ ನಡೆಯುವ ಇಂತಹ ಸಂಗತಿಗಳ ಮೂಲದಲ್ಲಿ ಲೋಭಕ್ಕಿಂತ ಭಕ್ತಿಯೇ ಹೆಚ್ಚಾಗಿರುತ್ತದೆ. ಪ್ರಶ್ನೆ ಕಠಿನವಾಗುವುದೂ ಅದರಿಂದಲೇ. ಕಳ್ಳನಿಗೆ ಕೊಡುವ ಉತ್ತರ ಸುಲಭ. ಜಿನಾಲಯಕ್ಕಾಗಿ ಸುಳ್ಳು ಬರೆದ ಸಜ್ಜನನಿಗೆ ಏನು ಹೇಳಬೇಕು?

ಇವರ ಪರವಾಗಿ ಶಾಸ್ತ್ರಾಧಾರವೊಂದನ್ನು ಮುಂದಿಡುವವರೂ ಇದ್ದಾರೆ. ಸಮಂತಭದ್ರಾಚಾರ್ಯರು ಸ್ವಯಂಭೂಸ್ತೋತ್ರದ ವಾಸುಪೂಜ್ಯಸ್ತುತಿಯಲ್ಲಿ, ಪೂಜ್ಯನಾದ ಜಿನನನ್ನು ಅರ್ಚಿಸುವವನಿಗೆ ಉಂಟಾಗುವ ಅಲ್ಪ ಪಾಪವು ಪುಣ್ಯರಾಶಿಯ ನಡುವೆ ದೋಷಕಾರಿಯಾಗದು, ಸಮುದ್ರದಲ್ಲಿ ಬಿದ್ದ ವಿಷದ ಕಣದಂತೆ, ಎಂಬ ಅಭಿಪ್ರಾಯವನ್ನು ಹೇಳಿದ್ದಾರೆ. ಬಸದಿಯ ಕಾರ್ಯವೆಂಬ ಮಹಾಪುಣ್ಯದಲ್ಲಿ ಒಂದು ಬಿಲ್ಲಿನ ಸುಳ್ಳು ಎಷ್ಟರದು ಎಂಬುದು ಇವರ ವಾದ. ಆಚಾರ್ಯರ ಮಾತನ್ನು ಇಷ್ಟು ಅಗ್ಗವಾಗಿ ಬಳಸಬಾರದು. ಅಲ್ಲಿ ಹೇಳಿರುವ ಪಾಪಲೇಶವು ಪೂಜಾಕ್ರಿಯೆಯಲ್ಲಿ ಬಿಡಲು ಬಾರದಂತೆ ಬೆರೆತಿರುವ ಆರಂಭದ್ದು. ನೀರು ತರುವಾಗ, ದೀಪ ಹಚ್ಚುವಾಗ ಯತ್ನಾಚಾರದಿಂದ ನಡೆದರೂ ಉಳಿದುಬಿಡುವ ಸೂಕ್ಷ್ಮ ಹಿಂಸೆ. ಸುಳ್ಳು ಬಿಲ್ಲು ಹಾಗೆ ತಾನಾಗಿ ಬೆರೆತದ್ದಲ್ಲ. ಕುಳಿತು, ಯೋಚಿಸಿ, ಮೊಹರು ಹಾಕಿ ಮಾಡಿದ್ದು. ಅದಿಲ್ಲದಿದ್ದರೂ ಪೂಜೆ ನಡೆಯುತ್ತಿತ್ತು. ಇನ್ನು ಸಮುದ್ರದ ಮಾತು. ನಾಲ್ಕು ಮನೆಯ ಬಸದಿಯ ವಾರ್ಷಿಕ ಲೆಕ್ಕ ಸಮುದ್ರವಲ್ಲ, ಅದೊಂದು ಬಿಂದಿಗೆ. ಹದಿನೈದು ಲಕ್ಷದಲ್ಲಿ ಐದು ಲಕ್ಷ ಎಂಬುದು ಕಣವೂ ಅಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಯೋಜನೆಯ ನಿಯಮಗಳೇ ನಮ್ಮನ್ನು ಸುಳ್ಳಿಗೆ ದೂಡುತ್ತವೆ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. 1993ರಲ್ಲಿ ಆರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯನ್ನೇ ನೋಡಬಹುದು. ಪೂಜಾಸ್ಥಳಗಳ ಒಳಗಿನ ಕಾಮಗಾರಿಗೆ ಅದರ ನಿಯಮಾವಳಿಯಲ್ಲಿ ಅವಕಾಶವಿಲ್ಲ. ಇಂತಹ ಕಡೆಗಳಲ್ಲಿ ಬಸದಿಯ ಪ್ರಾಂಗಣವನ್ನು ‘ಸಾರ್ವಜನಿಕ ಸಭಾಂಗಣ’ವೆಂದೂ ಬಸದಿಯ ಪೌಳಿಯನ್ನು ‘ರಸ್ತೆಬದಿಯ ತಡೆಗೋಡೆ’ಯೆಂದೂ ಬರೆಯುವ ಪ್ರಲೋಭನೆ ಏಳುತ್ತದೆ. ಹಣ ಕೊಡುವವರಿಗೆ ಹೊಸತು ಬೇಕು; ಹೊಸತಾದರೆ ಅಳತೆ ಹಿಡಿಯಬಹುದು, ಛಾಯಾಚಿತ್ರ ತೆಗೆಯಬಹುದು, ಉದ್ಘಾಟಿಸಬಹುದು. ಸೋರುವ ಮಾಡಿನ ಸಂದು ತುಂಬಿದ್ದನ್ನು ಯಾವ ಸಚಿವರು ಬಂದು ಉದ್ಘಾಟಿಸುತ್ತಾರೆ? ಇದು ಸರ್ಕಾರದ ದೋಷ ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಸಮಾಜದ ದಾನಿಗಳಲ್ಲಿ ಮಹಾದ್ವಾರಕ್ಕೆ, ಮಾನಸ್ತಂಭಕ್ಕೆ, ಯಾತ್ರಿ ನಿವಾಸದ ಕೋಣೆಗೆ ಕೊಡುವವರು ಸರತಿಯಲ್ಲಿ ನಿಲ್ಲುತ್ತಾರೆ. ಮಳೆಗೆ ಮುಂಚೆ ತಾರಸಿಯ ಹುಲ್ಲು ಕೀಳಿಸುವುದಕ್ಕೆ ಕೊಡುವವರನ್ನು ನಾನು ಕಂಡದ್ದು ಕಡಿಮೆ.

ಆದರೂ ನಿಯಮವು ಹೊಂದದಿದ್ದರೆ ಶ್ರಾವಕನಿಗೆ ಎರಡೇ ದಾರಿಗಳು. ನಿಯಮ ಬದಲಾಗಬೇಕೆಂದು ಬಹಿರಂಗವಾಗಿ ಕೇಳುವುದು ಒಂದು. ಆ ಹಣವನ್ನು ಬಿಡುವುದು ಇನ್ನೊಂದು. ಕಾಮಗಾರಿಯ ಉದ್ದೇಶವನ್ನೋ ಅಂದಾಜನ್ನೋ ಬದಲಿಸಬೇಕಾದರೆ ಮುಂಚಿತವಾಗಿ ಬರೆದು ಅನುಮತಿ ಪಡೆಯುವ ಕ್ರಮ ಇದ್ದೇ ಇರುತ್ತದೆ. ಕೇಳುವ ತಾಳ್ಮೆ ನಮಗಿರುವುದಿಲ್ಲ. ಆರ್ಥಿಕ ವರ್ಷದ ಕೊನೆಗೆ, ಮಾರ್ಚಿಯ ಗಡಿಬಿಡಿಯಲ್ಲಿ, ‘ಹಣ ಹಿಂದಿರುಗಿ ಹೋಗುತ್ತದೆ’ ಎಂಬ ಒಂದು ಮಾತಿಗೆ ಹೆದರಿ ಎಷ್ಟು ಸಹಿಗಳು ಬಿದ್ದಿವೆಯೋ! ಹಿಂದಿರುಗಿ ಹೋದರೆ ಹೋಗಲಿ ಎನ್ನುವ ಧೈರ್ಯ ಅಪರಿಗ್ರಹವನ್ನು ಬೋಧಿಸುವವರಿಗಲ್ಲದೆ ಇನ್ನಾರಿಗೆ ಬರಬೇಕು?

ಹೊಸತಿನ ಮೋಹವನ್ನು ಕುರಿತು ನಮ್ಮವರು ಅಷ್ಟಾಗಿ ಎತ್ತದ ಇನ್ನೊಂದು ಅಂಶವಿದೆ. ಪಾಯ ಅಗೆಯುವುದು, ಕಲ್ಲು ಸಿಡಿಸುವುದು, ಸುಡುವುದು, ಇವೆಲ್ಲ ಆರಂಭ. ಗೃಹಸ್ಥನಿಗೆ ಆರಂಭೀ ಹಿಂಸೆ ಸಂಪೂರ್ಣವಾಗಿ ತಪ್ಪದು, ಆದರೆ ಬೇಕಾದಷ್ಟಕ್ಕೆ ಮಿತಿಗೊಳಿಸುವುದು ಅವನ ವ್ರತ. ನಿಂತಿರುವ ಕಟ್ಟಡವನ್ನು ಉಳಿಸಿಕೊಂಡರೆ ಒಂದು ಹೊಸ ಕಟ್ಟಡದ ಹಿಂಸೆ ಉಳಿಯುತ್ತದೆ. ದುರಸ್ತಿಯೂ ಯುಕ್ತವಾದ ರೀತಿಯಲ್ಲಿ ನಡೆಯಬೇಕು ಎನ್ನುವುದನ್ನು ಬೇರೆ ಹೇಳಬೇಕೆ? ಸುಣ್ಣದ ಗಾರೆಯ ಹಳೆಯ ಮಾಡಿನ ಮೇಲೆ ಸಿಮೆಂಟಿನ ಪದರ ಹೊಯ್ದರೆ ಕೆಲವು ವರ್ಷ ಸೋರಿಕೆ ನಿಂತಂತೆ ಕಾಣುತ್ತದೆ. ಬಿಸಿಲಿಗೆ ಅದು ಬಿರಿಯುತ್ತದೆ. ಬಿರುಕಿನಿಂದ ಇಳಿದ ನೀರು ಹೊರಬರಲಾರದೆ ಒಳಗೇ ನಿಲ್ಲುತ್ತದೆ. ಕಲ್ಲಿನ ಮೈಮೇಲೆ ಬಿಳಿಯ ಉಪ್ಪು ಮೂಡಿ ಪದರು ಪದರಾಗಿ ಉದುರುತ್ತದೆ. ಸುಣ್ಣವು ತೇವವನ್ನು ಹೊರಗೆ ಬಿಡುತ್ತದೆ. ಬಸದಿಯ ಕಂಬಗಳಿಗೆ ಎನಾಮೆಲ್ ಬಣ್ಣ ಬಳಿಸಿ ‘ಜೀರ್ಣೋದ್ಧಾರ’ ಎಂದು ಫಲಕ ಹಾಕಿರುವುದನ್ನು ಕಂಡಾಗ ಉದ್ಧಾರವಾದದ್ದು ಯಾವುದು ಎಂಬ ಸಂದೇಹ ಬರುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆಯವರು ಅಪರೂಪವಾಗುತ್ತಿದ್ದಾರೆ. ಅಂದಾಜುಪಟ್ಟಿ ತಯಾರಿಸುವ ಕಿರಿಯ ಇಂಜಿನಿಯರರಿಗೆ ಸಿಮೆಂಟಿನ ದರ ಮಾತ್ರ ಗೊತ್ತಿರುತ್ತದೆ. ಇದನ್ನು ಅರ್ಜಿ ಹಾಕುವ ಮೊದಲು ಯೋಚಿಸಬೇಕೇ ಹೊರತು ಹಣ ಬಂದ ಮೇಲಲ್ಲ.

ಶ್ರವಣಬೆಳಗೊಳದ ಶಾಸನವೊಂದರಲ್ಲಿ ಜಿನಧರ್ಮದ ಸ್ಥಿರೋದ್ಧಾರಕರೆಂದು ಮೂವರ ಹೆಸರು ಬರುತ್ತದೆ: ಗಂಗರ ರಾಚಮಲ್ಲನ ಮಂತ್ರಿ ಚಾವುಂಡರಾಯ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಒಂದನೆಯ ನರಸಿಂಹನ ಭಂಡಾರಿ ಹುಳ್ಳ. ಚಾವುಂಡರಾಯನು ಗೊಮ್ಮಟಮೂರ್ತಿಯನ್ನು ಮಾಡಿಸಿದವನು. ಅದಕ್ಕೆ ಸಮವಾದದ್ದು ಇನ್ನೊಂದಿಲ್ಲ. ಗಂಗರಾಜನ ಕೀರ್ತಿಯಲ್ಲಿ ದೊಡ್ಡ ಪಾಲು ಗಂಗವಾಡಿಯ ಜೀರ್ಣ ಬಸದಿಗಳನ್ನು ಉದ್ಧರಿಸಿದ್ದಕ್ಕೆ ಸಲ್ಲುತ್ತದೆ. ಗೊಮ್ಮಟನಿಗೆ ಸುತ್ತಾಲಯವನ್ನು ಮಾಡಿಸಿದವನೂ ಅವನೇ. ಗೆದ್ದು ಬಂದಾಗ ದೊರೆ ವರ ಕೇಳೆಂದರೆ, ಪರಮ ಎಂಬ ಗ್ರಾಮವನ್ನು ಬೇಡಿ ಪಡೆದು, ತನ್ನ ತಾಯಿಯೂ ಮಡದಿಯೂ ಮಾಡಿಸಿದ್ದ ಬಸದಿಗಳಿಗೆ ಬಿಟ್ಟನು. ಹುಳ್ಳನು 1159ರ ಸುಮಾರಿಗೆ ಭಂಡಾರ ಬಸದಿಯನ್ನು ಕಟ್ಟಿಸಿದಾಗ ಅರಸನಿಂದ ಅದಕ್ಕೆ ಸವಣೇರು ಗ್ರಾಮ ದತ್ತಿಯಾಗಿ ಬಂದಿತು. ಬಂಕಾಪುರದ ಪಾಳುಬಿದ್ದ ಜಿನಾಲಯಗಳನ್ನೂ ಅವನು ಎತ್ತಿ ನಿಲ್ಲಿಸಿದನು. ಮೂವರಲ್ಲಿ ಇಬ್ಬರ ಯಶಸ್ಸು ಮುರಿದದ್ದನ್ನು ಸರಿಪಡಿಸುವುದರೊಡನೆ ಸೇರಿಕೊಂಡಿದೆ ಎಂಬುದನ್ನು, ಹೆಸರಿನ ಫಲಕವಿಲ್ಲದೆ ದುರಸ್ತಿಗೆ ಹಣ ಕೊಡಲು ಹಿಂಜರಿಯುವ ದಾನಿಗಳಿಗೆ ತಿಳಿಸಿದರೆ ತಪ್ಪಾಗಲಾರದು.

ಈಗ ಲೆಕ್ಕದ ಪುಸ್ತಕಕ್ಕೆ ಬರುತ್ತೇನೆ. ನಮ್ಮ ಟ್ರಸ್ಟುಗಳ ಅಢಾವೆ ಪತ್ರಿಕೆಯಲ್ಲಿ ಕಟ್ಟಡದ ಮೇಲೆ ಪ್ರತಿವರ್ಷವೂ ಸವಕಳಿ ಬರೆಯುತ್ತಾರೆ. ಲೆಕ್ಕಪರಿಶೋಧಕರು ಶೇಕಡಾ ಇಷ್ಟೆಂದು ಕಳೆದು, ಉಳಿದ ಮೊತ್ತವನ್ನು ಮುಂದಕ್ಕೆ ಒಯ್ಯುತ್ತಾರೆ. ಶಾಸನದ ‘ಖಂಡಸ್ಫುಟಿತ’ಕ್ಕೆ ವಾಣಿಜ್ಯಶಾಸ್ತ್ರದ ಮಾತೇ ಸವಕಳಿ. ವ್ಯತ್ಯಾಸವೆಂದರೆ ಶಾಸನದವರು ಅದಕ್ಕಾಗಿ ಗದ್ದೆ ಬಿಟ್ಟರು, ನಾವು ಅಂಕಿ ಬರೆಯುತ್ತೇವೆ. ಅಷ್ಟು ರೂಪಾಯಿಯನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಡುವ ಟ್ರಸ್ಟುಗಳು ವಿರಳ. ಇಪ್ಪತ್ತು ಲಕ್ಷದ ಭವನವನ್ನು ಅನುದಾನದಿಂದ ಪಡೆದ ಟ್ರಸ್ಟಿಗೆ ಅದರ ವಿದ್ಯುತ್ತು, ಬಣ್ಣ, ಗುಡಿಸುವವರ ಸಂಬಳ, ಹತ್ತು ವರ್ಷದ ಮೇಲಿನ ತಾರಸಿಯ ದುರಸ್ತಿ, ಇವುಗಳ ಋಣವೂ ಜೊತೆಯಲ್ಲೇ ಬರುತ್ತದೆ. ಈ ಋಣವನ್ನು ಯಾವ ಮಂಜೂರಾತಿ ಆದೇಶವೂ ಕಾಣಿಸುವುದಿಲ್ಲ. ಅಂದಾಜಿನ ಹತ್ತನೆಯ ಒಂದು ಪಾಲನ್ನಾದರೂ ಪಾಲನೆಯ ನಿಧಿಯಾಗಿ ಮೊದಲೇ ಕೂಡಿಸಿ ಇಡಲಾರದ ಟ್ರಸ್ಟು ಹೊಸ ಕಟ್ಟಡದ ಅನುದಾನವನ್ನು ಸ್ವೀಕರಿಸಬಾರದೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಹಲವರಿದ್ದಾರೆ.

ಉದ್ದೇಶಿತ ಹಣವನ್ನು ಅತ್ತಿತ್ತ ಮಾಡುವುದೂ ನಮ್ಮಲ್ಲಿ ವಾಡಿಕೆ. ಜೀರ್ಣೋದ್ಧಾರ ನಿಧಿಯಿಂದ ವಾರ್ಷಿಕೋತ್ಸವಕ್ಕೆ ‘ಕೈಗಡ’, ಉತ್ಸವದ ಉಳಿಕೆಯಿಂದ ಆ ಕೈಗಡದ ಅರ್ಧ ತೀರುವಳಿ, ಮಿಕ್ಕದ್ದು ಹೊಸ ಕಾರ್ಯಕಾರಿ ಸಮಿತಿ ಬಂದಾಗ ಮಾಯ. ಕುಂದಕುಂದಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾಗಿರುವ ರಯಣಸಾರದಲ್ಲಿ, ಜೀರ್ಣೋದ್ಧಾರಕ್ಕೆ, ಪ್ರತಿಷ್ಠೆಗೆ, ಜಿನಪೂಜೆಗೆ, ತೀರ್ಥವಂದನೆಗೆ ಎಂದು ಮೀಸಲಾದ ಧನವನ್ನು ಭೋಗಿಸುವವನಿಗೆ ನರಕದುಃಖವನ್ನೇ ಹೇಳಿದೆ. ಎಣಿಕೆಯಲ್ಲಿ ಜೀರ್ಣೋದ್ಧಾರದ ಹೆಸರು ಮೊದಲು ಬಂದಿದೆ. ‘ನಾವು ಭೋಗಿಸಲಿಲ್ಲ, ದೇವರ ಒಂದು ಕಾರ್ಯದಿಂದ ಇನ್ನೊಂದು ಕಾರ್ಯಕ್ಕೆ ಬಳಸಿದೆವು’ ಎಂಬ ಸಮಾಧಾನವಿದೆಯಷ್ಟೆ; ಉತ್ಸವದ ಭೋಜನ ಯಾರ ಹೊಟ್ಟೆಗೆ ಹೋಯಿತೆಂದು ಕೇಳಬೇಕಾಗುತ್ತದೆ.

ಹಾಗಾದರೆ ನಾಲ್ಕು ಮನೆಯ ಬಸದಿ ಸೋರುತ್ತಲೇ ಇರಬೇಕೇ? ಹುಳ್ಳನ ಅದೇ ಭಂಡಾರ ಬಸದಿಯ ಬಳಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ಪರಿಹರಿಸಿದನೆಂದು ಅದು ಪ್ರಸಿದ್ಧವಾಗಿದೆ; ಸಮನ್ವಯದ ಭಾಷಣಗಳಲ್ಲಿ ನಾವು ಅದನ್ನು ಉಲ್ಲೇಖಿಸುತ್ತೇವೆ. ಅದರ ಕೊನೆಯ ವ್ಯವಸ್ಥೆಯನ್ನು ಮಾತ್ರ ಸಾಮಾನ್ಯವಾಗಿ ಮರೆತುಬಿಡುತ್ತೇವೆ. ರಾಜ್ಯದ ಜೈನರೆಲ್ಲರ ಒಪ್ಪಿಗೆಯಿಂದ ಮನೆ ಮನೆಗೆ ವರ್ಷಕ್ಕೆ ಒಂದು ಹಣ ಎತ್ತುವುದು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸುವುದು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು. ಹಣದ ಹೊಣೆಯನ್ನು ಹೊತ್ತವರು ತಿರುಮಲೆಯ ತಾತಯ್ಯ ಎಂಬ ವೈಷ್ಣವರು. ನಮ್ಮ ಮನೆಗಳ ಹಣ, ಪರಮತದವರ ಪಾರುಪತ್ಯ. ಲೆಕ್ಕ ತಪ್ಪಿದ್ದರೆ ಎರಡು ಸಮಾಜಗಳ ನಡುವಿನ ವಿಶ್ವಾಸವೇ ಮುರಿಯುತ್ತಿತ್ತು. ಇಂದು ಪ್ರಜೆಯ ತೆರಿಗೆಯ ಹಣ ನಮ್ಮ ಪಾರುಪತ್ಯಕ್ಕೆ ಬಂದಿದೆ. ಹೊಣೆಯ ಭಾರ ಬದಲಾಗಿಲ್ಲ, ಹೊರುವವರು ಬದಲಾಗಿದ್ದಾರೆ.

ಜಿಲ್ಲೆಯೊಂದರ ಬಸದಿಗಳೆಲ್ಲ ಸೇರಿ, ಮನೆಗೆ ವರ್ಷಕ್ಕೆ ಇಂತಿಷ್ಟೆಂದು ಎತ್ತಿ, ಸೋರುವ ಮಾಡುಗಳಿಗೆ ಮಾತ್ರ ಮೀಸಲಾದ ಒಂದು ನಿಧಿಯನ್ನು ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಪರ್ಯೂಷಣದ ಹತ್ತು ದಿನಗಳಲ್ಲಿ ಒಂದು ದಿನದ ಸವಾಲಿನ ಹಣವನ್ನು ಅದಕ್ಕೆ ಸಲ್ಲಿಸಬಹುದು. ಪಟ್ಟಣಗಳಿಗೂ ಪರದೇಶಗಳಿಗೂ ಹೋಗಿ ನೆಲೆಸಿದ ಮಕ್ಕಳು ಊರಿನ ಬಸದಿಯ ಹೆಸರಿಗೆ ಕಳುಹಿಸುವ ಹಣದ ಒಂದು ಪಾಲೂ ಅಲ್ಲಿಗೆ ಬರಬಹುದು. ಪರದೇಶದ ಪೌರತ್ವ ಪಡೆದವರಿಂದ ಸ್ವೀಕರಿಸುವಾಗ ವಿದೇಶಿ ವಂತಿಗೆಯ ಕಾಯ್ದೆಯನ್ನು ಮೊದಲು ಓದಿಕೊಳ್ಳಬೇಕು, ಅಷ್ಟೆ. ಮಾಡಿಗೆ ಬೇಕಾದ ಹಣ ಭವನಕ್ಕೆ ಬೇಕಾದುದರ ಮುಂದೆ ಬಹಳ ಸಣ್ಣದು. ಮೊದಲು ಹೇಳಿದ ಬಸದಿಯಲ್ಲಿ, ಗಚ್ಚುಗಾರೆಯನ್ನು ಕೆದಕಿ ತೆಗೆದು ಹೊಸದಾಗಿ ಹಾಕಲು ಗಾರೆಯವರು ಹೇಳಿದ ಮೊತ್ತ, ಕಾಗದದ ಮೇಲೆ ಬಂದು ಹೋದ ಆ ಐದು ಲಕ್ಷಕ್ಕಿಂತ ಕಡಿಮೆಯಿತ್ತು.

ಆ ಹಿರಿಯರು ಹೋಗುವಾಗ, ‘ಆದದ್ದು ಆಗಿಹೋಯಿತು, ಇನ್ನೇನು ಮಾಡುವುದು?’ ಎಂದು ಕೇಳಿದರು. ಪ್ರಾಯಶ್ಚಿತ್ತವನ್ನು ವಿಧಿಸಲು ನಾನು ಮುನಿಯಲ್ಲ, ಅದಕ್ಕೆ ಗುರುಗಳಿದ್ದಾರೆ. ಲೆಕ್ಕದವನಾಗಿ ನನಗೆ ತೋಚಿದ್ದನ್ನು ಹೇಳಿದೆ. ಟ್ರಸ್ಟಿನ ವಂತಿಗೆ ಬಾಕಿ ಇದೆಯೆಂದು ಇಲಾಖೆಗೆ ನಿಜವನ್ನು ಬರೆಯಬೇಕು, ಅವರು ಹೇಳಿದಂತೆ ಕಂತುಗಳಲ್ಲಿ ಐದು ಲಕ್ಷವನ್ನು ತುಂಬಲು ಸಿದ್ಧರಿರಬೇಕು, ಅದರಿಂದ ಬರುವ ಮುಜುಗರವನ್ನೂ ದಂಡವನ್ನೂ ಸಹಿಸಬೇಕು. ಭವನದಲ್ಲಿ ಮದುವೆ ನಾಮಕರಣಗಳು ನಡೆಯುತ್ತವೆ. ಅದರ ಬಾಡಿಗೆಯನ್ನು ಮಾಡಿನ ದುರಸ್ತಿಗೆ ಕಟ್ಟಿಡಬೇಕು. ಅವರು ಎರಡನ್ನೂ ಬರೆದುಕೊಂಡು ಹೋದರು. ಬಾಡಿಗೆಯ ನಿರ್ಣಯ ಮುಂದಿನ ಸಭೆಯಲ್ಲಿಯೇ ಅಂಗೀಕಾರವಾಗಿ, ಕಳೆದ ಬೇಸಿಗೆಯಲ್ಲಿ ಗರ್ಭಗೃಹದ ಮೇಲಿನ ಅರ್ಧ ಭಾಗಕ್ಕೆ ಸುಣ್ಣದ ಗಚ್ಚು ಬಿದ್ದಿದೆ. ಇಲಾಖೆಗೆ ಬರೆಯುವ ಪತ್ರದ ವಿಷಯವನ್ನು ಮೂರು ಸಭೆಗಳಿಂದ ಮುಂದೂಡುತ್ತ ಬಂದಿದ್ದಾರೆ.